ಹೊಗಳುವ ಜೊತೆಗಾರ

ಹತ್ತಕ್ಕೆ ನಿಮಗೆ ನೀವೇ ಎಷ್ಟು ಅಂಕ ಕೊಟ್ಟುಕೊಳ್ಳುತ್ತೀರಿ ಎಂದು ಆ ಕಂಪನಿಯವನು ಕೇಳಿದಾಗ ನಾನು ನಾಲ್ಕು ಎಂದೆ. ಇಂಟರ್‌ವ್ಯೂ ನಡೆಯುತ್ತಿದ್ದದ್ದು ಶಿರಾದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ. ಸಿಗ್ನಲ್ ನೆಟ್ಟಗೆ ಬರುವುದು ಅಲ್ಲೊಂದೇ ಕಡೆ. ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲಿಟ್ಟು, ನನ್ನ ಹಿಂದೆ ಗೋಡೆ ಮಾತ್ರ ಕಾಣುವ ಹಾಗೆ ತಿರುಗಿಸಿಕೊಂಡು, ಕುಕ್ಕರ್ ಕೂಗದಿರಲೆಂದು ಒಲೆ ಆರಿಸಿ ಕೂತಿದ್ದೆ. ನಾಲ್ಕು ಎಂದ ಮೇಲೆ ಆತ, ಹಾಗಾದರೆ ನಿಮ್ಮನ್ನು ನಾವು ಯಾಕೆ ತೆಗೆದುಕೊಳ್ಳಬೇಕು ಎಂದ. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅದೂ ಸರೀನೇ ಸಾರ್ ಎಂದುಬಿಟ್ಟೆ. ಆ ವರ್ಷ ಕೈತಪ್ಪಿದ ಆರನೆಯ ಕಾಂಟ್ರಾಕ್ಟ್ ಅದು.

ನನ್ನ ಹೆಸರು ಸ್ನೇಹಲತಾ. ಆಸ್ಪತ್ರೆಗಳು, ಗೋದಾಮುಗಳು, ಕಾರ್ಖಾನೆಗಳು ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗುವಾಗ ಹಳೆಯದರಲ್ಲಿ ತುಂಬಿಕೊಂಡಿರುವ ಮಾಹಿತಿಯನ್ನೆಲ್ಲ ಹೊಸದರೊಳಕ್ಕೆ ಸಾಗಿಸಬೇಕಲ್ಲ, ಆ ಕೆಲಸ ನನ್ನದು. ಕುರಿ ಹಿಂಡನ್ನು ಹೆದ್ದಾರಿ ದಾಟಿಸಿದ ಹಾಗೆ, ಈ ಕಡೆಯಿಂದ ಹೊರಟಷ್ಟೂ ಆ ಕಡೆ ಸೇರಬೇಕು. ಮೂರು ತಿಂಗಳು, ಆರು ತಿಂಗಳು, ಕೆಲಸ ಮುಗಿಯಿತೆಂದರೆ ನಮಸ್ಕಾರ. ಮುಂದಿನದನ್ನು ನಾನೇ ಹುಡುಕಿಕೊಳ್ಳಬೇಕು. ಎಂಟು ವರ್ಷ ಈ ಹುಡುಕಾಟದ ಗೋಜೇ ಇರಲಿಲ್ಲ, ಏಕೆಂದರೆ ಜಯಕುಮಾರ್ ಎಂಬ ಮ್ಯಾನೇಜರ್ ಒಬ್ಬರು ಒಂದು ಮುಗಿಯುತ್ತಲೇ ಇನ್ನೊಂದಕ್ಕೆ ಕರೆಯುತ್ತಿದ್ದರು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಒಂದು ಮಾತು ಆಡಿದವರಲ್ಲ, ಕರೆಯುವುದಷ್ಟೇ. ಹೋದ ವರ್ಷ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಎಲ್ಲೋ ದಾಳಿಂಬೆ ಹಾಕಲು ಹೋದರು. ಅಲ್ಲಿಗೆ ನನ್ನ ಫೋನು ತಣ್ಣಗಾಯಿತು.

ಆರನೆಯದೂ ಹೋದ ವಾರವೇ ನನ್ನ ಗಂಡ ಸುನಿಲ್‌ಕುಮಾರನ ಸೋದರಮಾವ ಪರ್ವತಯ್ಯನವರು ಫೋನ್ ಮಾಡಿದರು. ಅವರು ಪಾವಗಡದ ಒಂದು ಖಾಸಗಿ ಶಾಲೆಗೆ ಕಾರ್ಯದರ್ಶಿ. ಕಂಪ್ಯೂಟರ್ ಟೀಚರ್ ಬೇಕಂತೆ, ಶಾಲೆಯ ಮೇಲೇ ಮನೆಯಂತೆ. ಟ್ರಾಕ್ಟರ್ ಶೋರೂಮಿನಲ್ಲಿ ಸೇಲ್ಸ್ ಕೆಲಸದಲ್ಲಿರುವ ಸುನಿಲ್ ಕೂಡ ಪಾವಗಡದ ಬ್ರಾಂಚಿಗೆ ಹಾಕಿಸಿಕೊಳ್ಳಬಹುದಂತೆ. ಶುಕ್ರವಾರ ಸಂಜೆ ಆರರೊಳಗೆ ಹೂಂ ಅಥವಾ ಉಹೂಂ ಹೇಳಬೇಕು ಎಂದರು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಕೆಲಸ, ಅದಕ್ಕೆ ಹೆಸರಿಡಲಾರೆ. ಆದರೆ ಮಕ್ಕಳಿಗೆ ಕೀಬೋರ್ಡಿನ ಭಾಗಗಳನ್ನು ಹೇಳಿಕೊಡುತ್ತ ಎರಡು ವರ್ಷ ಕಳೆದರೆ ನಮ್ಮ ಕಸುಬಿನಲ್ಲಿ ನನ್ನ ಹೆಸರು ಯಾರಿಗೂ ನೆನಪಿರುವುದಿಲ್ಲ. ಮತ್ತೆ ಒಳಗೆ ಬರಲು ಬಾಗಿಲಿರುವುದಿಲ್ಲ. ನನಗೆ ನನ್ನ ಕೆಲಸದ ಮೇಲೆ ಪ್ರೀತಿ ಇತ್ತು, ಈಗಲೂ ಇದೆ. ಅದನ್ನು ಬಿಡಬೇಕಾಗುತ್ತದೆಂದು ಯೋಚಿಸಿದರೆ ಅನ್ನ ಇಳಿಯುತ್ತಿರಲಿಲ್ಲ.

ನಾಲ್ಕು ಎಂದು ಯಾಕೆ ಹೇಳಿದೆ ಎಂದು ಸುನಿಲ್ ಕೇಳಿದ. ಇಡೀ ದಿನ ಟ್ರಾಕ್ಟರು ಹೊಗಳಿ ಬರುವವನಿಗೆ ಇದು ಅರ್ಥವಾಗುವುದಿಲ್ಲ. ನಮ್ಮವ್ವ ಗಿರಿಯಮ್ಮ ಹುಲಿಕುಂಟೆ ಹತ್ತಿರದ ಹಟ್ಟಿಯಲ್ಲಿ ಈಗಲೂ ಕುರಿ ಸಾಕಿಕೊಂಡಿದ್ದಾಳೆ. ನಮ್ಮ ಹಟ್ಟಿಯವರು ಸಂತೆಗೆ ಕುರಿ ಹೊಡೆದುಕೊಂಡು ಹೋಗುವಾಗ ಒಬ್ಬೊಬ್ಬರೇ ಹೋಗುವುದಿಲ್ಲ, ಜೋಡಿಯಾಗಿ ಹೋಗುತ್ತಾರೆ. ಅವ್ವನ ಜೋಡಿ ಯತ್ತಪ್ಪ ಎಂಬ ಹಿರಿಯ. ಅವ್ವನ ಕುರಿಗೆ ಗಿರಾಕಿ ಬಂದರೆ ಅವ್ವ ಅದರ ಕೊರತೆ ಮಾತ್ರ ಹೇಳುತ್ತಾಳೆ: ಕಿವಿ ಸೀಳಿದೆ, ಹಿಂಗಾಲು ಒಮ್ಮೊಮ್ಮೆ ಎಳೆಯುತ್ತದೆ. ಗುಣ ಹೇಳುವುದು ಪಕ್ಕದಲ್ಲಿ ನಿಂತ ಯತ್ತಪ್ಪನ ಕೆಲಸ. ಆತನ ಕುರಿಗೆ ಗಿರಾಕಿ ಬಂದರೆ ಹೊಗಳುವ ಸರದಿ ಅವ್ವನದು. ತನ್ನ ಕುರಿಯನ್ನು ತಾನೇ ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬುದು ಒಂದು ಕಾರಣ. ಹಾಗೆ ಹೊಗಳುವವನ ಕುರಿಯಲ್ಲಿ ಏನೋ ಐಬಿದೆ ಎಂದು ಕೊಳ್ಳುವವರು ಅನುಮಾನಪಡುತ್ತಾರೆ ಎಂಬುದು ಇನ್ನೊಂದು.

ಇಂಥ ಮನೆಯಲ್ಲಿ ಬೆಳೆದವಳನ್ನು ಕೂರಿಸಿಕೊಂಡು ನಿಮ್ಮ ಬಗ್ಗೆ ಹೇಳಿ ಎಂದರೆ ಏನಾಗುತ್ತದೆ? ಇಂಗ್ಲಿಷ್ ತಡವರಿಸುತ್ತದೆ ಸಾರ್, ಹೊಸದಾಗಿ ಬಂದಿರುವ ಎರಡು ಸಾಧನ ಇನ್ನೂ ಕಲಿತಿಲ್ಲ ಸಾರ್, ಒಮ್ಮೊಮ್ಮೆ ಸಿಟ್ಟು ಬರುತ್ತದೆ ಸಾರ್ ಎಂದು ಕೊರತೆಗಳನ್ನೆಲ್ಲ ಒಪ್ಪಿಸಿ, ಉಳಿದದ್ದನ್ನು ಪಕ್ಕದವರು ಹೇಳಲಿ ಎಂದು ಸುಮ್ಮನಾಗುತ್ತೇನೆ. ಅಡುಗೆಮನೆಯಲ್ಲಿ ಪಕ್ಕದವರು ಎಲ್ಲಿರುತ್ತಾರೆ? ಗ್ಯಾಸ್ ಸಿಲಿಂಡರ್ ಇರುತ್ತದೆ.

ಇದಕ್ಕೆ ತದ್ವಿರುದ್ಧ ನನ್ನ ಕಾಲೇಜು ಗೆಳೆಯ ಅಂಬರೀಶ್. ಕೊರಟಗೆರೆಯವನು. ನನಗೆ ಗೊತ್ತಿರುವುದರಲ್ಲಿ ಅವನಿಗೆ ಅರ್ಧ ಗೊತ್ತು. ಹೊಟ್ಟೆಕಿಚ್ಚಿಗೇ ಹೇಳುತ್ತಿದ್ದೇನೆ, ಆದರೆ ಸುಳ್ಳು ಹೇಳುತ್ತಿಲ್ಲ. ಕಾಂಟ್ರಾಕ್ಟ್ ಇಲ್ಲದೆ ಅವನು ಒಂದು ವಾರ ಕೂತದ್ದಿಲ್ಲ. ಬೆಳಿಗ್ಗೆ ಎದ್ದರೆ ಲಿಂಕ್ಡ್‌ಇನ್‌ನಲ್ಲಿ ಅವನದೊಂದು ಬರಹ ಇರಲೇಬೇಕು. ತಟ್ಟೆ ಇಡ್ಲಿ ತಿನ್ನುವಾಗ ತಂಡ ಕಟ್ಟುವ ಬಗ್ಗೆ ಹೊಳೆದ ಮೂರು ಪಾಠ, ಬೈಕ್ ಪಂಕ್ಚರ್ ಆದಾಗ ನಾಯಕತ್ವದ ಬಗ್ಗೆ ಕಲಿತ ಐದು ಪಾಠ. ಕೈ ಕಟ್ಟಿಕೊಂಡು ಅರ್ಧ ನಗುವ ಫೋಟೋ ಹಾಕು, ಪರಿಚಯವಿಲ್ಲದ ನಲವತ್ತು ಜನರಿಗೆ ದಿನಾ ಮೆಸೇಜ್ ಕಳಿಸು ಎಂದು ನನಗೂ ಹೇಳಿಕೊಟ್ಟ. ಮೂರು ದಿನ ಮಾಡಿದೆ. ನಾಲ್ಕನೆಯ ದಿನ ನನ್ನ ಪ್ರೊಫೈಲ್ ಓದಿದರೆ ಅದ್ಯಾರೋ ಬೇರೆ ಹೆಂಗಸಿನದು ಅನ್ನಿಸಿತು, ಆ ಹೆಂಗಸಿನ ಮೇಲೆ ಸಿಟ್ಟೂ ಬಂತು. ಎಲ್ಲವನ್ನೂ ಅಳಿಸಿಹಾಕಿದೆ.

ಆದರೂ ಅಂಬರೀಶ್ ಒಳ್ಳೆಯವನು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಮನೆಯಲ್ಲೇ ಕೂತು ಐಟಿ ಕೆಲಸ ಮಾಡುವವರನ್ನೆಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದ್ದ. ಅದೇ ಶುಕ್ರವಾರ ಮಧುಗಿರಿಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಮೇಲಿನ ಹಾಲಿನಲ್ಲಿ ಎಲ್ಲರೂ ಸೇರುವುದೆಂದು ಗೊತ್ತುಮಾಡಿದ. ಅವನ ಊರಿನವರೇ ಆದ ಶಶಿರೇಖಾ ಎಂಬವರು ಬೆಂಗಳೂರಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಅವರು ಬರುತ್ತಾರೆ ಎಂದ. ಎಂಟು ಶೀತಲ ಗೋದಾಮುಗಳ ಹಳೆಯ ಮಾಹಿತಿಯನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸಲು ಅವರಿಗೆ ಒಬ್ಬರು ಬೇಕಾಗಿತ್ತು. ನನ್ನ ಅಳತೆ ತೆಗೆದೇ ಹೊಲಿಸಿದಂಥ ಕೆಲಸ. ಬಂದವರೆಲ್ಲ ಎರಡೆರಡು ನಿಮಿಷ ತಮ್ಮ ಬಗ್ಗೆ ಮಾತಾಡಬೇಕು ಎಂಬುದನ್ನು ಓದಿದಾಗ ಮಾತ್ರ ಫೋನನ್ನು ಮಗುಚಿಟ್ಟೆ.

ಆಗ ನನಗೊಂದು ಉಪಾಯ ಹೊಳೆಯಿತು. ಗುಂಪಿನಲ್ಲಿ ಪಾವಗಡದ ತಿಪ್ಪೇರುದ್ರ ಎಂಬಾತನಿದ್ದ. ಮೊಬೈಲ್ ಆ್ಯಪ್ ಮಾಡುವವನು, ಇಪ್ಪತ್ತಾರು ವರ್ಷ. ನನ್ನ ಬಗ್ಗೆ ನಾನು ಹೇಳಬೇಕೆಂದರೆ ನಾಲಿಗೆ ಒಣಗುತ್ತದೆ ಎಂದು ಅವನೂ ಬರೆದಿದ್ದ. ಅವನಿಗೆ ಫೋನ್ ಮಾಡಿ ನಮ್ಮ ಸಂತೆಯ ಪದ್ಧತಿ ವಿವರಿಸಿದೆ. ನೀನು ನನ್ನ ಬಗ್ಗೆ ಹೇಳು, ನಾನು ನಿನ್ನ ಬಗ್ಗೆ ಹೇಳುತ್ತೇನೆ. ಅವನು ಖುಷಿಯಾದ. ಅವನ ಕೆಲಸದ ಬಗ್ಗೆ ನಾನು ಒಂದು ಗಂಟೆ ಕೇಳಿ ಬರೆದುಕೊಂಡೆ, ಅವನ ಆ್ಯಪನ್ನು ಹಾಕಿಕೊಂಡು ನೋಡಿದೆ. ನನ್ನ ಕೆಲಸದ ವಿವರ ಹೇಳಲು ಹೊರಟರೆ ಅವನು, “ನೀವು ಬುಡಕ್ಕ, ನೇನು ಚೂಸ್ಕುಂಟಾ,” ಎಂದ. ನಾನು ನೋಡಿಕೊಳ್ಳುತ್ತೇನೆ ಎಂದು ಅಷ್ಟು ಧೈರ್ಯವಾಗಿ ಯಾರಾದರೂ ಹೇಳಿದರೆ ನಂಬಬೇಕೆನ್ನಿಸುತ್ತದೆ.

ಅವ್ವನಿಗೂ ಫೋನಿನಲ್ಲಿ ಹೇಳಿದೆ. ಅವಳ ಪದ್ಧತಿಯನ್ನು ಕಂಪ್ಯೂಟರ್ ಜನರ ನಡುವೆ ತರುತ್ತಿದ್ದೇನೆಂದು ಹೆಮ್ಮೆಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

“ಜೋಡಿ ಸಿಗಾದು ದೊಡ್ಡದಲ್ಲ ಕಣಮ್ಮ. ಯತ್ತಪ್ಪ ನನ್ ಕುರಿನ ಮರಿ ಇದ್ದಾಗ್ಲಿಂದ ನೋಡವ್ನೆ. ಆ ಹುಡ್ಗ ನಿನ್ ಕೆಲ್ಸ ಏನ್ ನೋಡವ್ನೆ?”

ಬಸ್ಸಿಗೆ ಹೊತ್ತಾಯಿತು ಎಂದು ಫೋನಿಟ್ಟೆ. ಉತ್ತರ ಗೊತ್ತಿಲ್ಲದಾಗ ನನಗೆ ಬಸ್ಸಿಗೆ ಹೊತ್ತಾಗುತ್ತದೆ.

ಹಾಲಿನಲ್ಲಿ ಇಪ್ಪತ್ತಮೂರು ಜನ ಇದ್ದೆವು. ಕಿಟಕಿ ತುಂಬ ಮಧುಗಿರಿಯ ಬೆಟ್ಟ, ಮೇಜಿನ ತುಂಬ ಕಾಫಿ ಲೋಟ. ಶಶಿರೇಖಾ ನಲವತ್ತೈದರ ಹೆಂಗಸು, ಹತ್ತಿ ಸೀರೆ, ಕೈಯಲ್ಲೊಂದು ಸಣ್ಣ ನೋಟ್‌ಬುಕ್. ಮೊದಲು ಮಾತಾಡಿದ ಹತ್ತು ಜನರಲ್ಲಿ ಒಂಬತ್ತು ಜನ ಅಂಬರೀಶನ ಶಿಷ್ಯರ ಹಾಗೇ ಕಂಡರು. ಎಲ್ಲರಿಗೂ ಎಲ್ಲವೂ ಬರುತ್ತಿತ್ತು, ಎಲ್ಲರೂ ಸವಾಲುಗಳನ್ನು ಪ್ರೀತಿಸುತ್ತಿದ್ದರು. ಶಶಿರೇಖಾ ನೋಟ್‌ಬುಕ್ ತೆರೆದಿದ್ದರು, ಪೆನ್ನಿನ ಮುಚ್ಚಳ ಮಾತ್ರ ತೆಗೆದಿರಲಿಲ್ಲ.

ನನ್ನ ಸರದಿ ಬಂದಾಗ ಎದ್ದು, ನಾನು ನನ್ನ ಬಗ್ಗೆ ಹೇಳುವುದಿಲ್ಲ, ತಿಪ್ಪೇರುದ್ರನ ಬಗ್ಗೆ ಹೇಳುತ್ತೇನೆ ಎಂದೆ. ಕೆಲವರು ನಕ್ಕರು, ಅಂಬರೀಶ್ ತಲೆ ಮೇಲೆ ಕೈಯಿಟ್ಟುಕೊಂಡ. ಪಾವಗಡದ ಬಸ್ಸುಗಳ ವೇಳೆ ತಿಳಿಸುವ ಆ್ಯಪ್ ಮಾಡುವಾಗ ತಿಪ್ಪೇರುದ್ರ ಬೋರ್ಡಿನ ಮೇಲಿನ ವೇಳೆಯನ್ನು ನಂಬದೆ ಹನ್ನೊಂದು ದಿನ ತಾನೇ ಬಸ್ಸು ಹತ್ತಿ ಇಳಿದು ಬರೆದುಕೊಂಡದ್ದನ್ನು ಹೇಳಿದೆ. ಆಂಧ್ರದ ಕಡೆಯಿಂದ ಬರುವ ಬಸ್ಸು ಸಂತೆಯ ದಿನ ನಲವತ್ತು ನಿಮಿಷ ತಡವೆಂದು ಅವನ ಆ್ಯಪಿಗೆ ಮಾತ್ರ ಗೊತ್ತು ಎಂದೆ. ಕನ್ನಡ ತೆಲುಗು ಎರಡರಲ್ಲೂ ಮಾತಾಡುವ ಗುಂಡಿ ಇಟ್ಟದ್ದು, ಓದಲು ಬಾರದ ಅವರ ಅಜ್ಜಿಗಾಗಿ ಎಂದೆ. ಮಾತು ಸರಾಗವಾಗಿ ಬಂತು, ಎಲ್ಲವೂ ನಿಜವಾಗಿತ್ತಲ್ಲ. ಶಶಿರೇಖಾ ಪೆನ್ನಿನ ಮುಚ್ಚಳ ತೆಗೆದರು.

ತಿಪ್ಪೇರುದ್ರ ಎದ್ದ. ಅವರಪ್ಪ ಆಟೋಗೆ ಮೈಕ್ ಕಟ್ಟಿಕೊಂಡು ಊರೂರಿನಲ್ಲಿ ಪ್ರಚಾರ ಮಾಡುವವರು ಎಂದು ನನಗೆ ಆಮೇಲೆ ಗೊತ್ತಾಯಿತು. ತನ್ನ ಬಗ್ಗೆ ಹೇಳಲು ನಾಲಿಗೆ ಒಣಗುವವನಿಗೆ ಬೇರೆಯವರ ಬಗ್ಗೆ ಹೇಳಲು ಎಲ್ಲಿತ್ತೋ ಆ ಗಂಟಲು. ಆತ್ಮೀಯ ಬಂಧುಗಳೇ ಎಂದೇ ಶುರು ಮಾಡಿದ. ಕಂಪ್ಯೂಟರಿನ ಭಾಷೆಗಳಲ್ಲಿ ಈ ಅಕ್ಕನಿಗೆ ಬಾರದ ಭಾಷೆಯೇ ಇಲ್ಲ ಎಂದ. ಅಮೆರಿಕದ ನಾಲ್ಕು ಬ್ಯಾಂಕುಗಳು ಅಕ್ಕ ಇಲ್ಲದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದವು ಎಂದ. ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು, ಆದರೂ ತಡೆದುಕೊಂಡು ಕೂತಿದ್ದೆ. ಶಶಿರೇಖಾ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದ್ದು ಕಂಡಿತು. ಅವ್ವ ಫೋನಿನಲ್ಲಿ ಕೇಳಿದ್ದು ಏನೆಂದು ಆಗ ಸರಿಯಾಗಿ ತಲೆಗೆ ಹೋಯಿತು.

“ಇವತ್ತಿನವರ್ಗೂ ಅಕ್ಕ ಸಾಗಿಸಿದ ಡೇಟಾದಾಗೆ ಒಂದೇ ಒಂದು ಅಕ್ಷರ ಕಳೆದಿಲ್ಲ,” ಎಂದ ತಿಪ್ಪೇರುದ್ರ.

ಬ್ಯಾಂಕಿನ ಸುಳ್ಳನ್ನು ನುಂಗಿಕೊಂಡಿದ್ದೆ. ಇದನ್ನು ನುಂಗಲು ಆಗಲಿಲ್ಲ. ಇದು ನನ್ನ ಕೆಲಸದ ಬಗ್ಗೆ ಆಡಿದ ಸುಳ್ಳು. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ, ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಮಾತ್ರ ನೆನಪಿದೆ.

“ಅದು ಸುಳ್ಳು. ಕೂತ್ಕೊ ತಿಪ್ಪೇರುದ್ರ,” ಎಂದೆ. “ಅಮೆರಿಕದ ಬ್ಯಾಂಕು ನಾನು ಕಂಡಿಲ್ಲ. ಹದಿನಾಲ್ಕು ಕಡೆ ಡೇಟಾ ಸಾಗಿಸಿದೀನಿ. ಹನ್ನೊಂದು ಕಡೆ ಒಂದೂ ದಾಖಲೆ ಕಳೆದಿಲ್ಲ. ಎರಡು ಕಡೆ ಕಳೆದಿತ್ತು, ನಾನೇ ಹುಡುಕಿ ತಂದೆ. ಒಂದು ಕಡೆ ಮುನ್ನೂರ ಹನ್ನೆರಡು ಹೋದವು, ಏನ್ ಮಾಡಿದ್ರೂ ಸಿಗ್ಲಿಲ್ಲ. ಅವರಿಗೆ ಗೊತ್ತಾಗೋಕೆ ಮುಂಚೆ ನಾನೇ ಫೋನ್ ಮಾಡಿ ಹೇಳ್ದೆ. ಇಷ್ಟು ನನ್ನ ಕೆಲಸ. ಇದಕ್ಕಿಂತ ಜಾಸ್ತಿ ಯಾರೂ ಹೇಳ್ಬ್ಯಾಡಿ, ಕಮ್ಮಿನೂ ಹೇಳ್ಬ್ಯಾಡಿ.”

ಕಮ್ಮಿನೂ ಎಂಬ ಮಾತನ್ನು ಹೇಳಬೇಕೆಂದು ನಾನೇನೂ ಎದ್ದಿರಲಿಲ್ಲ. ಅದು ಹೇಗೆ ಬಂತೋ ಬಂತು. ಈವರೆಗೆ ಕಮ್ಮಿ ಹೇಳುತ್ತಿದ್ದವಳು ನಾನೇ ಅಲ್ಲವೇ ಎಂದು ಅನ್ನಿಸಿ ಒಂದು ಕ್ಷಣ ನನ್ನ ಮೇಲೇ ಸಿಟ್ಟು ಬಂತು. ಆರು ಇಂಟರ್‌ವ್ಯೂಗಳಲ್ಲೂ ನಾನು ಹೇಳಿದ್ದು ತಿಪ್ಪೇರುದ್ರ ಹೇಳಿದಷ್ಟೇ ಸುಳ್ಳು, ದಿಕ್ಕು ಮಾತ್ರ ಬೇರೆ. ಬಿದ್ದ ಕುರ್ಚಿಯನ್ನು ಎತ್ತಿಕೊಂಡು ಕೂತೆ.

ಶಶಿರೇಖಾ ಕೇಳಿದ್ದು ಒಂದೇ ಪ್ರಶ್ನೆ. “ಆ ಮುನ್ನೂರ ಹನ್ನೆರಡು ಎಲ್ಲಿ ಹೋದವು?”

ನನ್ನ ಗುಣಗಳನ್ನು ಕೇಳಿದ್ದರೆ ಮತ್ತೆ ತೊದಲುತ್ತಿದ್ದೆನೇನೋ. ಕಳೆದದ್ದರ ಕಥೆ ನನಗೆ ಬಾಯಿಪಾಠ. ಒಂದು ಆಸ್ಪತ್ರೆಯಲ್ಲಿ ಇಬ್ಬರು ಗುಮಾಸ್ತರು ಬೇರೆ ಬೇರೆ ರೋಗಿಗಳಿಗೆ ಒಂದೇ ನಂಬರು ಕೊಟ್ಟಿದ್ದರು, ನಾನು ಸಾಗಿಸುವಾಗ ಒಂದರ ಮೇಲೊಂದು ಕೂತು ಕೆಳಗಿನದು ಅಳಿದುಹೋಯಿತು, ನನಗೆ ಗೊತ್ತಾಗುವಷ್ಟರಲ್ಲಿ ಹಳೆಯ ಸಾಫ್ಟ್‌ವೇರನ್ನೂ ತೆಗೆದುಹಾಕಿದ್ದರು. ಆವತ್ತಿನಿಂದ ಸಾಗಿಸುವ ಮೊದಲು ಒಂದೇ ನಂಬರಿನ ಜೋಡಿಗಳನ್ನು ಹುಡುಕಿ ಬೇರೆ ಇಡುತ್ತೇನೆ ಎಂದೆ. ಹಾಗಾದರೆ ಎಂಟು ಗೋದಾಮಿಗೆ ಹೇಗೆ ಮಾಡುತ್ತೀರಿ ಎಂದರು. ಎಲ್ಲಕ್ಕಿಂತ ಚಿಕ್ಕದರಿಂದ ಶುರು ಮಾಡಿ, ಒಂದು ವಾರ ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಓಡಿಸಿ, ಅಲ್ಲಿ ಕೆಲಸ ಮಾಡುವವರ ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದೆ. ಅವರು ಎರಡು ಪುಟ ಬರೆದುಕೊಂಡರು. ಉಳಿದವರೆಲ್ಲ ಇಡ್ಲಿ ತಿನ್ನಲು ಎದ್ದುಹೋದದ್ದು ನಮಗಿಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ನಿಮ್ಮ ದರ ಎಷ್ಟು ಎಂದರು. ಮನಸ್ಸಿನಲ್ಲಿರುವುದನ್ನು ಅರ್ಧ ಮಾಡಿ ಹೇಳುವುದು ನನ್ನ ಹಳೆಯ ರೋಗ. ಆವತ್ತು ಪೂರ್ತಿ ಹೇಳಿ ಬಾಯಿ ಮುಚ್ಚಿಕೊಂಡೆ. ಇನ್ನಿಬ್ಬರನ್ನು ನೋಡುವುದಿದೆ, ಮುಂದಿನ ವಾರ ತಿಳಿಸುತ್ತೇನೆ ಎಂದು ನೋಟ್‌ಬುಕ್ ಮುಚ್ಚಿದರು.

ತಿಪ್ಪೇರುದ್ರ ಮೆಟ್ಟಿಲ ಹತ್ತಿರ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ. ತಪ್ಪಾಯ್ತಾ ಅಕ್ಕ ಎಂದ. ತಪ್ಪು ನನ್ನದು, ನನ್ನ ಕೆಲಸವನ್ನು ನೋಡದವನ ಕೈಗೆ ಹಗ್ಗ ಕೊಟ್ಟೆ ಎಂದು ಹೇಳಿ ಅವನಿಗೆ ಕಾಫಿ ಕೊಡಿಸಿದೆ. ಅಷ್ಟರಲ್ಲಿ ಮಧುಗಿರಿಯ ಟ್ರಾವೆಲ್ಸ್‌ನವರೊಬ್ಬರು ಹನ್ನೊಂದು ದಿನ ಬಸ್ಸು ಹತ್ತಿದ ಹುಡುಗ ಯಾರು ಎಂದು ಕೇಳಿಕೊಂಡು ಬಂದರು. ಅವನನ್ನು ಅವರ ಜೊತೆ ಬಿಟ್ಟು ಕೆಳಗಿಳಿದೆ.

ಶಶಿರೇಖಾ ಅವರ ಕರೆ ಮಂಗಳವಾರ ಬಂತು, ಐದು ತಿಂಗಳ ಕಾಂಟ್ರಾಕ್ಟ್ ನನಗೇ ಸಿಕ್ಕಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಗೆ ಮುಚ್ಚಿಟ್ಟುಕೊಂಡು ನಿಮ್ಮನ್ನು ಕಾಯಿಸುವ ಬುದ್ಧಿ ನನಗಿಲ್ಲ. ಆದರೆ ಶುಕ್ರವಾರ ಸಂಜೆ ಐದೂ ಮುಕ್ಕಾಲಿಗೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದವಳಿಗೆ ಇದು ಗೊತ್ತಿರಲಿಲ್ಲ. ಆರಕ್ಕೆ ಪರ್ವತಯ್ಯನವರ ಗಡುವು. ಸದ್ಯಕ್ಕೆ ಹೂಂ ಅಂದಿರು, ಇದು ಸಿಕ್ಕರೆ ಆಗ ಬಿಟ್ಟರಾಯಿತು ಎಂದು ಅಂಬರೀಶ್ ಪಕ್ಕದಲ್ಲೇ ನಿಂತು ಬುದ್ಧಿ ಹೇಳಿದ. ಯಾರು ಕೇಳಿದರೂ ಸರಿ ಅನ್ನುವ ಮಾತೇ. ಆದರೆ ಆ ಶಾಲೆಯ ಮಕ್ಕಳಿಗೆ ಟೀಚರ್ ಬೇಕಾಗಿತ್ತು, ನನಗೆ ನನ್ನ ಕೆಲಸ ಬೇಕಾಗಿತ್ತು. ಸುನಿಲನಿಗೆ ಫೋನ್ ಮಾಡಿ ಕೇಳಿದೆ. ಅವನು, “ನಿಂಗೆ ಹೆಂಗೆ ಅನ್ಸುತ್ತೋ ಅಂಗೆ ಹೇಳ್ಬುಡು,” ಎಂದ. ಅಂಬರೀಶನನ್ನು ಆಚೆ ಕಳಿಸಿ ಪರ್ವತಯ್ಯನವರ ನಂಬರು ಒತ್ತಿದೆ.

ಏನಮ್ಮ, ಸೋಮವಾರ ಬರುತ್ತೀಯಲ್ಲ ಎಂದು ಅವರೇ ಮೊದಲು ಕೇಳಿದರು. ಇಲ್ಲ ಮಾವ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಬೇರೆ ಕೆಲಸ ಸಿಕ್ಕಿತೇ ಎಂದರು. ಇನ್ನೂ ಇಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ, ಗಾಬರಿಯಾಯಿತು. ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಕೈಯಾಗೆ ಏನೂ ಇಲ್ದೆ ಇದ್ದುದ್ನೂ ಬ್ಯಾಡ ಅಂತೀಯಲ್ಲಮ್ಮ. ಯಾವ ಧೈರ್ಯದ ಮ್ಯಾಲೆ?”

ನನಗೆ ನಿಜವಾಗಿಯೂ ಭಯವಾಗಿತ್ತು. ಕಂಡಕ್ಟರ್ ಶಿರಾ ಶಿರಾ ಎಂದು ಕೂಗುತ್ತಿದ್ದ, ಸುತ್ತ ಒಬ್ಬರೂ ನನ್ನ ಪರಿಚಯದವರಿರಲಿಲ್ಲ, ನನ್ನ ಪರವಾಗಿ ಹೇಳಲು ಯಾರೂ ಬರುವಂತಿರಲಿಲ್ಲ.

“ನಾನು ಕೆಲಸ ಚೆನ್ನಾಗಿ ಮಾಡ್ತೀನಿ ಮಾವ,” ಎಂದೆ. “ಅದೇ ಧೈರ್ಯ.”

ಎಂಟು ವರ್ಷ ದುಡಿದಿದ್ದೆ, ಆ ಮಾತನ್ನು ಯಾರ ಬಾಯಿಂದಲೂ ಒಮ್ಮೆಯೂ ಕೇಳಿರಲಿಲ್ಲ. ಆ ಕಡೆಯಿಂದ ಪರ್ವತಯ್ಯನವರು, ಸರಿ ಬುಡಮ್ಮ, ಒಳ್ಳೇದಾಗ್ಲಿ ಎಂದರು. ನಾನು ಓಡಿಹೋಗಿ ಬಸ್ಸು ಹತ್ತಿದೆ.